ಅಸ್ತರಿನೊಳಗಿನ ಪತ್ರ

ನಾನು ಒಂದು ರೆಕ್ಸಿನ್ ಫೈಲು. ಬರಿಯ ಫೈಲು ತಾನೇ ಎಂದು ಮೂಗು ಮುರಿಯಬೇಡಿ. ಹೈಕೋರ್ಟಿನಲ್ಲಿ ನಾನು ವಾದಕ್ಕೆ ನಿಂತಾಗ ಮೂವರು ನ್ಯಾಯಾಧೀಶರು ಕುರ್ಚಿಯಿಂದೆದ್ದು ಕೈಮುಗಿದರು. ಎದುರು ಪಕ್ಷದ ವಕೀಲರು ತಮ್ಮ ಕರಿಕೋಟು ಬಿಚ್ಚಿ ನನಗೆ ಹೊದಿಸಿ, ಇನ್ನು ಇದು ನಿಮಗೇ ಸಲ್ಲಬೇಕು ಎಂದು ಗಳಗಳ ಅತ್ತರು. ಅವರ ಕಣ್ಣೀರು ಕೋರ್ಟ್ ಹಾಲಿನಲ್ಲಿ ಮೊಣಕಾಲುದ್ದ ನಿಂತು, ಆ ಮಧ್ಯಾಹ್ನದ ಕಲಾಪವನ್ನೇ ಮುಂದೂಡಬೇಕಾಯಿತು.

ನಾನು ಹುಟ್ಟಿದ್ದು ತುಮಕೂರಿನ ಗಲ್ಲಿಯೊಂದರ ಬ್ಯಾಗ್ ಹೊಲಿಯುವ ಅಂಗಡಿಯಲ್ಲಿ. ದಸ್ತಗೀರ್ ಸಾಬರು ಒಂದೇ ದಿನಕ್ಕೆ ನಲವತ್ತು ಫೈಲು ಹೊಲಿದು ಬಿಸಾಡುವವರು. ನನ್ನೊಬ್ಬನಿಗೆ ಮಾತ್ರ ಏಳು ವರ್ಷ ತೆಗೆದುಕೊಂಡರು. ಹೊರಗೆ ಕಂದು ರೆಕ್ಸಿನ್ನು, ಒಳಗೆ ನೀಲಿ ಬಟ್ಟೆಯ ಅಸ್ತರು, ನಡುವೆ ಒಂದು ರಟ್ಟು. ಜೀವವಿಮೆ ಏಜೆಂಟರ ಸಭೆಯೊಂದರಲ್ಲಿ ನಮ್ಮನ್ನೆಲ್ಲ ಉಡುಗೊರೆಯಾಗಿ ಹಂಚಿದರು. ನಾನು ಚೆನ್ನವೀರಯ್ಯನವರ ಕಂಕುಳು ಸೇರಿದೆ.

ಅನುಮಾನ ಪಡುವುದನ್ನು ನಾನು ಕಲಿತದ್ದು ಅವರ ಕಂಕುಳಲ್ಲೇ. ಅವರು ಮನೆಮನೆಗೆ ಹೋಗಿ, "ಕಾಯಿಲೆ ಕಸಾಲೆ ಏನಾದ್ರೂ ಉಂಟಾ ಸ್ವಾಮಿ?" ಎಂದು ಕೇಳುವರು. "ಏನೂ ಇಲ್ಲ" ಎಂದು ಯಜಮಾನರು ಕೆಮ್ಮುತ್ತಲೇ ಸಹಿ ಹಾಕುವರು. ಕಾಗದ ಹೇಳುವುದು ಒಂದು, ಕೆಮ್ಮು ಹೇಳುವುದು ಇನ್ನೊಂದು ಎಂಬುದು ಹೀಗೆ ನನಗೆ ಎಳವೆಯಲ್ಲೇ ತಿಳಿಯಿತು. ಅಂದಿನಿಂದ ಯಾರನ್ನೂ ನಂಬಿದವನಲ್ಲ.

ಚೆನ್ನವೀರಯ್ಯನವರು ಕೆಲಸ ಬಿಟ್ಟಾಗ ನನ್ನನ್ನು ಮಗಳು ವನಜಾಕ್ಷಿಗೆ ಕೊಟ್ಟರು. ಅವಳು ಮನೆಯಲ್ಲೇ ರವಿಕೆ ಹೊಲಿಯುವವಳು. ಗಂಡ ಲೋಕಪ್ಪ ಖಾಸಗಿ ಬಸ್ಸಿನ ಕಂಡಕ್ಟರ್. ಅವರಿಗೆ ಇಂಚರ ಎಂಬ ಒಬ್ಬಳೇ ಮಗಳು. ನನ್ನ ಹೊಟ್ಟೆಯಲ್ಲಿ ಈಗ ವಿಮೆಯ ಅರ್ಜಿಗಳ ಬದಲು ಅವಳ ಶಾಲೆಯ ಕಾಗದಗಳು ತುಂಬಿಕೊಂಡವು.

ಇಂಚರಳದು ವಿಚಿತ್ರ ಕಷ್ಟ. ಓದಲು ಕೂತರೆ ಅಕ್ಷರಗಳು ಜಾಗ ಬದಲಾಯಿಸುತ್ತವೆ ಎನ್ನುವಳು. ಅದೇ ಪಾಠವನ್ನು ಬಾಯಲ್ಲಿ ಕೇಳಿದರೆ ಎದುರಿಗಿದ್ದವರು ಸಾಕು ಎನ್ನುವವರೆಗೆ ಹೇಳುವಳು. ಇದು ಕಲಿಕೆಯ ತೊಂದರೆ, ದಡ್ಡತನವಲ್ಲ ಎಂದು ಡಾಕ್ಟರು ಬರೆದುಕೊಟ್ಟ ಸರ್ಟಿಫಿಕೇಟು ನನ್ನಲ್ಲೇ ಇತ್ತು. ಆದರೆ ಅವಳ ಶಾಲೆಗೆ ಬೇಕಿದ್ದದ್ದು ಗೇಟಿನ ಮೇಲೆ 'ಹತ್ತನೇ ತರಗತಿ: ನೂರಕ್ಕೆ ನೂರು ಫಲಿತಾಂಶ' ಎಂಬ ಬ್ಯಾನರು. ಒಂಬತ್ತನೆಯದು ಮುಗಿದ ಏಪ್ರಿಲಿನಲ್ಲಿ ಟಿ.ಸಿ. ಕೈಗಿತ್ತು ಕಳಿಸಿಬಿಟ್ಟರು. ಬೇರೆ ನಾಲ್ಕು ಶಾಲೆಗಳವರು ಹತ್ತಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಬಾಗಿಲಲ್ಲೇ ನಿಲ್ಲಿಸಿ ಹೇಳಿ ಕಳಿಸಿದರು. ಜೂನಿನೊಳಗೆ ಸೀಟು ಸಿಗದಿದ್ದರೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಉಳಿದವಳು ಮತ್ತೆ ಶಾಲೆಗೆ ಹೋಗುತ್ತಾಳೆಂಬ ಭರವಸೆ ವನಜಾಕ್ಷಿಗಿರಲಿಲ್ಲ.

ರವಿಕೆ ಕೊಡಲು ಬಂದ ಹೆಂಗಸೊಬ್ಬರು ಶಾಲೆಯ ತಕರಾರುಗಳನ್ನೇ ನೋಡುವ ವಕೀಲೆಯೊಬ್ಬರಿದ್ದಾರೆ ಎಂದರು. ಹೆಸರು ನಾಗಲಾಂಬಿಕೆ. ಲೋಕಪ್ಪನ ಹುಬ್ಬು ಮೇಲೇರಿತು.

"ಜಮೀನಿಗೆ ವಕೀಲ್ರು ಕೇಳಿದ್ದೀನಿ. ಇಸ್ಕೂಲಿಗೂ ವಕೀಲ್ರಾ? ಇದ್ಯಾವುದೋ ನಾಟಕ ಕಣೇ ವನಜಾ."

"ನಾಟಕನೋ ಏನೋ, ನೋಡ್ಕೊಂಡಾದ್ರೂ ಬರಾಣ ಬನ್ರೀ."

"ಮೊದ್ಲು ಟೀಚರ್ ಆಗಿದ್ರಂತೆ ಆ ಯಮ್ಮ. ಮೇಷ್ಟ್ರುಗಳೆಲ್ಲಾ ಒಂದೇ ಕಡೆ ಇರ್ತಾರೆ, ತಿಳ್ಕೋ."

ನಾನೂ ಅವನ ಪಕ್ಷವೇ. ವನಜಾಕ್ಷಿ ಫೋನು ಮಾಡಿದಾಗ ಆ ವಕೀಲೆ ಕೊಟ್ಟ ಸೂಚನೆಗಳೇ ಗುಮಾನಿ ಹುಟ್ಟಿಸುವಂತಿದ್ದವು. ಶಾಲೆಯಿಂದ ಬಂದ ಪ್ರತಿ ಕಾಗದವನ್ನೂ ತನ್ನಿ. ಏನೇನು ಯಾವತ್ತು ನಡೆಯಿತು ಎಂದು ತಾರೀಕಿನ ಸಮೇತ ಒಂದೇ ಹಾಳೆಯಲ್ಲಿ ಬರೆದಿಡಿ. ನೀವು ನನ್ನನ್ನು ಕೇಳಬೇಕಾದ್ದನ್ನೂ ಬರೆದುಕೊಳ್ಳಿ, ಇಲ್ಲಿ ಬಂದ ಮೇಲೆ ಮರೆತುಹೋಗುತ್ತದೆ. ಮಗಳನ್ನೂ ಕರೆತನ್ನಿ. ಎಲ್ಲ ನಾವೇ ಮಾಡಿಟ್ಟರೆ ಈಕೆ ಮಾಡುವುದೇನು ಎಂದು ನನಗನ್ನಿಸಿತು.

ಮೂರು ಮಧ್ಯಾಹ್ನ ವನಜಾಕ್ಷಿ ರವಿಕೆ ಕತ್ತರಿಸುವ ಮೇಜಿನ ಮೇಲೆ ಕಾಗದಗಳನ್ನು ಹರಡಿ, ತಾರೀಕಿನಂತೆ ಜೋಡಿಸಿ, ಗುಂಡುಸೂಜಿ ಚುಚ್ಚಲು ಹೋದಳು. ಸೂಜಿ ಇಳಿಯಲಿಲ್ಲ. ಲೋಕಪ್ಪ ಎಲ್ಲಕ್ಕೂ ಲ್ಯಾಮಿನೇಷನ್ ಮಾಡಿಸಿಟ್ಟಿದ್ದ! ಜನನ ಪತ್ರ, ಅಂಕಪಟ್ಟಿ, ಟಿ.ಸಿ., ಕೊನೆಗೆ ವಾರ್ಷಿಕ ಪರೀಕ್ಷೆಯ ವೇಳಾಪಟ್ಟಿಯ ಚೀಟಿಗೂ. ಬಸ್ಸಿನಲ್ಲಿ ದಿನವೂ ಜನರ ಕೈಯಲ್ಲಿ ಮುದುಡುವ ಟಿಕೆಟ್ ನೋಡಿ ನೋಡಿ, ಮುಖ್ಯವಾದ ಕಾಗದ ಎಂದರೆ ಮುದುಡಬಾರದು ಎಂದು ಅವನು ತೀರ್ಮಾನಿಸಿದ್ದ.

ಆದರೆ ಒಂದು ಕಾಗದಕ್ಕೆ ಮಾತ್ರ ಅವನು ಲ್ಯಾಮಿನೇಷನ್ ಮಾಡಿಸಿರಲಿಲ್ಲ. ಅದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಒಂದು ಬೆಳಿಗ್ಗೆ ವನಜಾಕ್ಷಿ ನೀರು ಹಿಡಿಯಲು ಹೋಗಿದ್ದಾಗ ಲೋಕಪ್ಪ ನನ್ನ ಅಸ್ತರಿನ ಹೊಲಿಗೆ ಎರಡು ಬೆರಳಗಲ ಬಿಚ್ಚಿ, ಅದನ್ನು ಒಳಕ್ಕೆ ತೂರಿಸಿ, ಅವಳದೇ ಸೂಜಿದಾರದಿಂದ ಹೊಲಿದಿದ್ದ. ಗುಟ್ಟು ಕಾಯುವುದರಲ್ಲಿ ಬ್ಯಾಂಕಿನ ಲಾಕರುಗಳು ನನ್ನ ಹತ್ತಿರ ಪಾಠ ಹೇಳಿಸಿಕೊಂಡಿವೆ. ನಾನು ತುಟಿ ಬಿಚ್ಚಲಿಲ್ಲ.

ವಕೀಲೆಯ ಕಚೇರಿ ಬಸ್ ನಿಲ್ದಾಣದಾಚೆ, ಮೂರನೆಯ ಮಹಡಿಯಲ್ಲಿ. ಒಳಗೆ ಕಾಲಿಡುತ್ತಲೇ ಲೋಕಪ್ಪ ನನ್ನನ್ನು ಎದೆಗೆ ಅವುಚಿಕೊಂಡ. ಗೋಡೆಯ ಮೇಲೆ ಇಂಚರಳನ್ನು ಹೊರಹಾಕಿದ ಅದೇ ಶಾಲೆಯ ಕ್ಯಾಲೆಂಡರು! ಅದೇ ಕಟ್ಟಡ, ಅದೇ ನಗುವ ಹೆಡ್‌ಮಾಸ್ಟರು.

"ನಾ ಹೇಳ್ಲಿಲ್ವಾ?" ಎಂದು ಅವನು ಹೆಂಡತಿಯ ಕಿವಿಯಲ್ಲಿ ಉಸುರಿದ.

ನಾಗಲಾಂಬಿಕೆಯವರಿಗೆ ಕೇಳಿಸಿತು. "ಅದಾ? ಹಾಲಿನ ಅಂಗಡೀಲಿ ಸುಮ್ನೆ ಕೊಟ್ರು, ತಂದ್ಕೊಂಡೆ. ತಾರೀಕು ಎಲ್ಲಾ ಕ್ಯಾಲೆಂಡರಲ್ಲೂ ಒಂದೇ ಅಲ್ವಾ?" ಎಂದು ನಕ್ಕು, ಎದ್ದುಹೋಗಿ ಹೆಡ್‌ಮಾಸ್ಟರರನ್ನು ಗೋಡೆಯ ಕಡೆ ತಿರುಗಿಸಿಟ್ಟರು. ಇಷ್ಟು ಸಲೀಸಾಗಿ ತಿರುಗಿಸಿದರಲ್ಲ ಎಂದು ನನ್ನ ಗುಮಾನಿ ಇನ್ನಷ್ಟು ಬಲವಾಯಿತು.

ಅವರು ವನಜಾಕ್ಷಿಯ ತಾರೀಕಿನ ಹಾಳೆ ಓದಿದರು. ಚೆನ್ನಾಗಿದೆ ಎಂದರು. ಟಿ.ಸಿ. ಹಿಡಿದು ಬಳುಕಿಸಿ ನೋಡಿ, "ಇದಕ್ಕೂ ಲ್ಯಾಮಿನೇಷನ್ನಾ? ನಾಳೆ ಸೀಲು ಎಲ್ಲಿಗೆ ಹೊಡೀಬೇಕಪ್ಪಾ?" ಎಂದರು. ಆಮೇಲೆ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"'ಪೋಷಕರ ಕೋರಿಕೆಯ ಮೇರೆಗೆ' ಅಂತಿದೆ. ಕೋರಿಕೆ ಕೊಟ್ಟೋರು ಯಾರು?"

"ಯಾರೂ ಕೊಟ್ಟಿಲ್ಲ ಮೇಡಂ," ಎಂದಳು ವನಜಾಕ್ಷಿ. "ಆ ಕ್ಲರ್ಕು ತಾನೇ ಬರ್ಕೊಂಡವ್ನೆ."

ಲೋಕಪ್ಪ ತಿರುಗಿಸಿಟ್ಟ ಕ್ಯಾಲೆಂಡರಿನ ಬೆನ್ನನ್ನೇ ನೋಡುತ್ತಿದ್ದ.

"ನೋಡಿ, ಇಲ್ಲಿ ಹೇಳಿದ್ದು ಈ ಕೋಣೆ ದಾಟಲ್ಲ," ಎಂದರು ವಕೀಲೆ. "ತಪ್ಪು ಮಾಡಿದ್ರೂ ನಾನು ಬೈಯಲ್ಲ. ನಂಗೆ ಕೋಪ ಬರೋದು ಒಂದಕ್ಕೇ. ನನ್ನ ಹತ್ರ ಇಲ್ದಿರೋ ಕಾಗದ ಎದುರಿನವರ ಹತ್ರ ಇರಬಾರ್ದು."

ಆಗ ಇಂಚರ ತಲೆ ತಗ್ಗಿಸಿಕೊಂಡೇ ಹೇಳಿದಳು: "ಅಪ್ಪಾ, ಫೈಲಿನ ಬಟ್ಟೆ ಒಳಗಡೆ ಇಟ್ಟಿದ್ಯಲ್ಲ, ಅದನ್ನ ಕೊಟ್ಬಿಡು."

"ಯಾವ್ದು ಮಗಾ?"

"ನೀನು ಹೊಲೀತಿದ್ದಾಗ ನಾನು ಎದ್ದಿದ್ದೆ."

ಅವಳು ಹೇಳಿದ್ದೇ ತಡ, ನಾನೇ ನನ್ನ ಹೊಲಿಗೆ ಪಟಪಟನೆ ಬಿಚ್ಚಿ ಪತ್ರವನ್ನು ವಕೀಲೆಯ ಅಂಗೈಗೆ ಹಾರಿಸಿದೆ. ಅದು ಲೋಕಪ್ಪನ ಕೈಬರಹದ ಅರ್ಜಿಯ ನಕಲು: 'ನನ್ನ ಮಗಳು ವಾರ್ಷಿಕ ಪರೀಕ್ಷೆಯಲ್ಲಿ ಅನುತ್ತೀರ್ಣಳಾದ ಕಾರಣ ಸ್ವ ಇಚ್ಛೆಯಿಂದ ಟಿ.ಸಿ. ಕೋರುತ್ತೇನೆ.'

"ಕರೆಸಿದ್ರು ಮೇಡಂ," ಎಂದ ಲೋಕಪ್ಪ. ದಿನವಿಡೀ ಬಸ್ಸಿನಲ್ಲಿ ಕೂಗುವ ಅವನ ಗಂಟಲು ಅಲ್ಲಿ ಕೇಳಿಸದಷ್ಟು ಸಣ್ಣಗಾಗಿತ್ತು. "ಫೇಲು ಅಂತ ಟಿ.ಸಿ. ಕೊಟ್ರೆ ಯಾರೂ ಸೇರಿಸ್ಕೊಳಲ್ಲ, ನೀವೇ ಬರ್ಕೊಟ್ರೆ ಒಳ್ಳೆ ಟಿ.ಸಿ. ಕೊಡ್ತೀವಿ ಅಂದ್ರು. ಅವ್ರು ಹೇಳ್ತಾ ಹೋದ್ರು, ನಾನು ಬರೀತಾ ಹೋದೆ. ಮನೇಲಿ ಹೇಳಕ್ಕೆ ಮುಖ ಇರ್ಲಿಲ್ಲ."

ವನಜಾಕ್ಷಿ ಗಂಡನ ಕಡೆ ತಿರುಗಲಿಲ್ಲ. "ಎರಡು ತಿಂಗ್ಳಿಂದ ಆ ಕ್ಲರ್ಕಿಗೆ ಶಾಪ ಹಾಕ್ಕೊಂಡು ಕೂತಿದ್ನಲ್ರೀ ನಾನು," ಎಂದಳು, ಅಷ್ಟೇ.

ನಾಗಲಾಂಬಿಕೆಯವರು ಪತ್ರದ ಮೂಲೆಯನ್ನು ಕನ್ನಡಕದ ಹತ್ತಿರ ಹಿಡಿದರು. ಆಮೇಲೆ ಲ್ಯಾಮಿನೇಷನ್ ಮಾಡಿದ ವೇಳಾಪಟ್ಟಿಯನ್ನು ಅದರ ಪಕ್ಕಕ್ಕಿಟ್ಟರು.

"ಲೋಕಪ್ಪನವ್ರೇ, ಈ ಅರ್ಜಿಗೆ ಹಾಕಿರೋದು ಮಾರ್ಚ್ ಹನ್ನೆರಡು. ಪರೀಕ್ಷೆ ಶುರುವಾಗಿದ್ದು ಹದಿನೇಳಕ್ಕೆ. ಪ್ರಶ್ನೆಪತ್ರಿಕೆ ಕೈಗೆ ಬರೋಕ್ಕೆ ಐದು ದಿನ ಮುಂಚೆನೇ ನಮ್ಮ ಹುಡುಗಿ ಫೇಲಾಗ್ಬಿಟ್ಳಾ?"

ಮೊದಲು ನಕ್ಕದ್ದು ಇಂಚರ. ವಕೀಲೆ ಅವಳ ಕಡೆ ತಿರುಗಿ, ಓದುವಾಗ ಏನಾಗುತ್ತದೆ, ಯಾವ ಪಾಠ ಇಷ್ಟ, ಯಾವ ಶಾಲೆಗೆ ಹೋಗಬೇಕು ಎಂದು ಅರ್ಧ ಗಂಟೆ ಕೇಳಿದರು. "ಅದೇ ಇಸ್ಕೂಲಿಗೇ ಹೋಗ್ತೀನಿ," ಎಂದಳು ಅವಳು. "ನನ್ನ ಫ್ರೆಂಡ್ಸ್ ಎಲ್ಲಾ ಅಲ್ಲೇ ಅವ್ರೆ."

ವಕೀಲೆ ಡಾಕ್ಟರರ ಸರ್ಟಿಫಿಕೇಟು, ಆ ಅರ್ಜಿ, ವೇಳಾಪಟ್ಟಿ ಮೂರನ್ನೂ ಲಗತ್ತಿಸಿ ಶಾಲೆಗೊಂದು ನೋಟೀಸು ಕಳಿಸಿದರು. ಏನೋ ತಪ್ಪು ತಿಳಿವಳಿಕೆಯಾಗಿದೆ ಎಂದು ಶಾಲೆಯಿಂದ ಫೋನು ಬಂತು. ಜೂನಿನ ಎರಡನೆಯ ವಾರ ಇಂಚರ ಹತ್ತನೆಯ ತರಗತಿಯಲ್ಲಿ ಹಳೆಯ ಗೆಳತಿಯರ ಬೆಂಚಿನಲ್ಲಿ ಕೂತಳು. ಪರೀಕ್ಷೆಯಲ್ಲಿ ಅವಳಿಗೆ ಹೆಚ್ಚಿನ ಸಮಯವನ್ನೂ ಕೊಟ್ಟರು. ಅವಳು ಪಾಸಾಗಿ ಈಗ ಕಾಲೇಜಿಗೆ ಹೋಗುತ್ತಿದ್ದಾಳೆ.

ನನಗೀಗ ಮುಪ್ಪು. ರೆಕ್ಸಿನ್ನು ಹಪ್ಪಳದಂತೆ ಏಳುತ್ತಿದೆ. ಹೊಲಿಗೆ ಯಂತ್ರದ ಹಿಂದಿನ ಮೊಳೆಗೆ ನೇತುಬಿದ್ದಿದ್ದೇನೆ. ಮೊನ್ನೆ ಎದುರು ಮನೆಯ ಸುಶೀಲಮ್ಮ ತನ್ನ ಮೊಮ್ಮಗನ ಶಾಲೆಯ ತಕರಾರಿಗೆ ವಕೀಲೆಯನ್ನು ಕಾಣಬೇಕೆಂದು ಬಂದಾಗ ಲೋಕಪ್ಪ ನನ್ನನ್ನು ಇಳಿಸಿ ಧೂಳು ಒರೆಸಿದ.

"ಇದನ್ನೇ ತಗೊಂಡೋಗಿ ಅಕ್ಕ. ಹೈಕೋರ್ಟಲ್ಲಿ ಗೆದ್ಕೊಂಡು ಬಂದಿರೋ ಫೈಲು."

ಇಂಚರ ಪುಸ್ತಕದಿಂದ ತಲೆಯೆತ್ತಿದಳು. "ಸುಳ್ಳು ಯಾಕಪ್ಪಾ? ಕೋರ್ಟಿನ ಮೆಟ್ಲೂ ಹತ್ತಿಲ್ಲ ಅದು. ಆ ಪತ್ರನೂ ತಾನಾಗಿ ಬಿಡ್ಲಿಲ್ಲ, ಮೇಡಂ ಕತ್ತರಿಲಿ ಕುಯ್ದು ತೆಗೀಬೇಕಾಯ್ತು."

ಸಿಕ್ಕಿಬಿದ್ದೆ. ಹೇಳಿಬಿಡುತ್ತೇನೆ. ಹೈಕೋರ್ಟಿಲ್ಲ, ಕರಿಕೋಟಿಲ್ಲ, ಕಣ್ಣೀರೂ ಇಲ್ಲ. ನಾನು ಕಂಡದ್ದು ಮೂರನೆಯ ಮಹಡಿಯ ಒಂದು ಕೋಣೆ. ಅಲ್ಲಿ ವಕೀಲೆಯನ್ನು, ಕ್ಯಾಲೆಂಡರನ್ನು, ಕೊಟ್ಟ ನೀರಿನ ಲೋಟವನ್ನೂ ಅನುಮಾನಿಸಿದೆ. ಬಚ್ಚಿಟ್ಟುಕೊಂಡು ಕೂತಿದ್ದವನು ನಾನೇ. ಕಾಗದ ಜೋಡಿಸುತ್ತಿದ್ದ ಮಧ್ಯಾಹ್ನ ವನಜಾಕ್ಷಿಯ ಬೆರಳು ಆ ಹೊಲಿಗೆಯ ಮೇಲೆ ಆಡಿತ್ತು, ಒಳಗೆ ಏನೋ ಸರಿದ ಸದ್ದಿಗೆ ಅವಳು ಕಿವಿಯನ್ನೂ ಕೊಟ್ಟಿದ್ದಳು. ನಾನು ಉಸಿರು ಬಿಗಿಹಿಡಿದು, ಅವಳು ರಟ್ಟೇ ಇರಬೇಕೆಂದುಕೊಳ್ಳುವಂತೆ ಮಾಡಿದೆ. ಕತ್ತರಿ ಬಂದಾಗಲೂ ಬಿಗಿದುಕೊಂಡೆ. ಹುಡುಗಿಯ ವರ್ಷ ಹೋದರೂ ಹೋಗಲಿ ಎಂದಲ್ಲ. ಆ ಒಂದು ಹಾಳೆ ಹೋದರೆ ನಾನು ಬರಿಯ ರೆಕ್ಸಿನ್ ಎಂದು ಹೆದರಿದ್ದೆ.