ಮೂವತ್ತಮೂರು ಅರಪಾವು

ಸಿಂಧನೂರಿನಲ್ಲಿ ಗಣಿತ ಕಲಿಸುವ ಪಂಪಣ್ಣ ಮಾಸ್ತರರ ಲೆಕ್ಕ ತಪ್ಪಿತೆಂದರೆ ಯಾರು ನಂಬುತ್ತಾರೆ? ತಪ್ಪಿತ್ತು. ಅದೂ ಎಂಥ ಲೆಕ್ಕ, ನಾಲ್ಕನೇ ಇಯತ್ತೆಯ ಹುಡುಗರು ಮಾಡುವಂಥದ್ದು.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಮಾಸ್ತರು ಮನೆಗೆ ಕಂಪ್ಯೂಟರ್ ತಂದರು. ಫೋನಿನ ತಂತಿಗೆ ಮೋಡೆಮ್ ಜೋಡಿಸಿ ಇಂಟರ್‌ನೆಟ್ ಹಾಕಿಸಿದರು. ಓಣಿಗೆಲ್ಲ ಅದೇ ಮೊದಲನೆಯದು. ಮೋಡೆಮ್ಮು ಕುಂಯ್ ಕುಂಯ್ ಎಂದು ಚೀರಾಡಿ ಸುಮ್ಮನಾದ ಮೇಲೆ ಪರದೆಯ ಮೂಲೆಯಲ್ಲಿ ವೇಗ ಕಾಣುತ್ತಿತ್ತು, ಮೂವತ್ತಮೂರು. ಆದರೆ ಯಾವುದಾದರೂ ಫೈಲು ಇಳಿಸಿಕೊಳ್ಳಲು ಕೂತರೆ ಅದೇ ಪರದೆ ಸೆಕೆಂಡಿಗೆ ನಾಲ್ಕು ಅನ್ನುತ್ತಿತ್ತು. ನಾಲ್ಕೇ ನಾಲ್ಕು! ಉಳಿದ ಇಪ್ಪತ್ತೊಂಬತ್ತು ಎಲ್ಲಿ ಹೋಯಿತು?

ಬೇರೆಯವರಾಗಿದ್ದರೆ ಮೋಡೆಮ್ಮಿನ ಜೊತೆ ಬಂದ ಪುಸ್ತಕ ತೆಗೆದು ಓದುತ್ತಿದ್ದರು. ನಮ್ಮ ಮಾಸ್ತರರ ಗದ್ದೆ ಇರುವುದು ವಳಕಮದಿನ್ನಿಯಲ್ಲಿ, ಕಾಲುವೆಯ ಕಟ್ಟಕಡೆಗೆ. ಮೇಲೆ ತುಂಬಿ ಬಿಟ್ಟ ನೀರು ಕೆಳಗೆ ಪಾದ ಮುಳುಗುವಷ್ಟೂ ಬರಲಿಲ್ಲವೆಂದರೆ ನಡುವೆ ಯಾರೋ ಕದ್ದು ಪೈಪು ಇಳಿಬಿಟ್ಟಿದ್ದಾರೆ ಎಂದೇ ಅರ್ಥ. ಇದು ಅವರಪ್ಪ ಆದಪ್ಪನ ಕಾಲದಿಂದ ಬಂದ ತಿಳಿವಳಿಕೆ. ಹಾಗಾಗಿ ಮರುದಿನ ಬೆಳಿಗ್ಗೆಯೇ ಮಾಸ್ತರು ಛತ್ರಿ ಹಿಡಿದು, ಟೆಲಿಫೋನ್ ಎಕ್ಸ್‌ಚೇಂಜಿನಿಂದ ಮನೆಯತನಕ ಕಂಬ ಕಂಬ ನೋಡುತ್ತ ನಡೆದರು. ಕತ್ತೆತ್ತಿಕೊಂಡು ನಡೆಯುತ್ತ ಒಂದು ಎಮ್ಮೆಗೆ ಹಾಯ್ದದ್ದು ಬಿಟ್ಟರೆ ಏನೂ ಪತ್ತೆಯಾಗಲಿಲ್ಲ.

ಸಂಜೆ ಚಾದಂಗಡಿಯಲ್ಲಿ ಹುಸೇನ್‌ಸಾಬ್ ಸಿಕ್ಕ. ಟೆಲಿಫೋನಿನ ಲೈನ್‌ಮನ್. ಮಸ್ಕಿಯ ಶಾಲೆಯಲ್ಲಿ ಮಾಸ್ತರರ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಇಪ್ಪತ್ತು ವರ್ಷದಿಂದ ದಿನಾ ಸಂಜೆ ಇಬ್ಬರೂ ಒಂದೇ ಚಾ ಹೇಳುತ್ತಿದ್ದರು. ಕಪ್ಪಿನಲ್ಲಿ ಉಳಿದದ್ದು ಮಾಸ್ತರರಿಗೆ, ಬಸಿಗೆ, ಅಂದರೆ ಸಾಸರಿಗೆ, ಬಗ್ಗಿಸಿದ್ದು ಹುಸೇನ್‌ಸಾಬನಿಗೆ.

“ಹುಸೇನಾ, ನನ್ನ ಲೈನು ನಡುವ ಕಡದು ಯಾರಿಗೆ ಕೊಟ್ಟೀಯಲೇ? ಮೂವತ್ತಮೂರು ಬರೂದು ನಾಲ್ಕು ಬರಾಕತ್ತೈತಿ!”

ಇಡೀ ಅಂಗಡಿ ತಿರುಗಿ ನೋಡಿತು. ಹುಸೇನ್‌ಸಾಬ್ ಬಸಿ ಕೆಳಗಿಟ್ಟ. “ನನಗ ಕಳ್ಳ ಅಂತೀ ಏನು, ಪಂಪಣ್ಣ?”

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. “ಮತ್ತ ಉಳದಿದ್ದು ಎಲ್ಲಿ ಹೋತು, ನೀನ ಹೇಳು” ಎಂದುಬಿಟ್ಟರು ಪುಣ್ಯಾತ್ಮರು. ಹುಸೇನ್‌ಸಾಬ್ ಹೆಗಲ ಮೇಲಿನ ಟವೆಲ್ ಝಾಡಿಸಿ ಎದ್ದು ಹೋದ. ಮರುದಿನ ಬರಲಿಲ್ಲ. ಕೇಳಿದರೆ, ತಾನಾಗಿಯೇ ಲಿಂಗಸುಗೂರಿನ ಕೆಲಸ ಬೇಡಿಕೊಂಡು ಹೋದನಂತೆ. ಎಂಟು ದಿನ ಮಾಸ್ತರು ಒಬ್ಬರೇ ಕಪ್ಪೂ ಬಸಿಯೂ ಎದುರಿಗಿಟ್ಟುಕೊಂಡು ಚಾ ಕುಡಿದರು. ಒಂದು ದಿನವೂ ರುಚಿ ಹತ್ತಲಿಲ್ಲ.

ಒಂಬತ್ತನೆಯ ದಿನ ಭಾನುವಾರ. ಮಾಸ್ತರು ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು ಕೂತಿದ್ದರು. ಹೆಂಡತಿ ಅಮರಮ್ಮ ಸಣ್ಣ ಮಾಪಿನಿಂದ ಅಕ್ಕಿ ಅಳೆದು ಅಳೆದು ಮೊರಕ್ಕೆ ಹಾಕುತ್ತಿದ್ದಳು.

“ಸೇರು ಎಲ್ಲಿ ಹೋತು?”

“ಬಾಜೂ ಮನಿಯವರು ಒಯ್ದಾರ. ಅದಕ್ಕ ಅರಪಾವಿಲೆ ಅಳಿಯಾಕತ್ತೀನಿ. ಎಂಟು ಸಲ ಹಾಕಿದ್ರ ಒಂದು ಸೇರು. ಮಾಪು ಸಣ್ಣದಾದ್ರ ಅಕ್ಕಿ ಹೆಚ್ಚಾಗ್ತಾವೇನ್ರೀ?”

ಮಾಸ್ತರರ ಕೈಯಲ್ಲಿನ ಬ್ರಷ್ ಅಲ್ಲೇ ನಿಂತಿತು. ಎದ್ದು ಓಡಿ ಮೋಡೆಮ್ಮಿನ ಪುಸ್ತಕ ತೆಗೆದರು. ಮೋಡೆಮ್ಮು ಎಣಿಸುವುದು ಬಿಟ್‌ಗಳಲ್ಲಿ, ಫೈಲು ಅಳೆಯುವುದು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಮೂವತ್ತಮೂರನ್ನು ಎಂಟರಿಂದ ಭಾಗಿಸಿದರೆ ನಾಲ್ಕು ಚಿಲ್ಲರೆ! ಅಲ್ಲಿ ಅರಪಾವು, ಇಲ್ಲಿ ಸೇರು. ಯಾರೂ ಏನೂ ಕದ್ದಿರಲಿಲ್ಲ.

“ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!” ಎಂದವರೇ ಮುಖ ಒರೆಸಿಕೊಂಡು, ಅಮರಮ್ಮನ ಕೈಯಿಂದ ಅರಪಾವು ಕಸಿದು ಚೀಲಕ್ಕೆ ಹಾಕಿ ಬಸ್ ಹತ್ತಿದರು. “ಅಡಿಗಿ ಹೆಂಗ ಮಾಡ್ಲಿ?” ಎಂದು ಅವಳು ಕೂಗಿದ್ದು ಕೇಳಿಸಲೇ ಇಲ್ಲ.

ಹುಸೇನ್‌ಸಾಬ್ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಕಂಬದ ಮೇಲಿದ್ದ. ಮಾಸ್ತರರನ್ನು ಕಂಡರೂ ಇಳಿಯಲಿಲ್ಲ. ಮಾಸ್ತರು ಬುಡದಲ್ಲಿ ನಿಂತು, ಅರಪಾವು ಎತ್ತಿ ಹಿಡಿದು, ಮೇಲೆ ನೋಡುತ್ತ ಇಡೀ ಪಾಠ ಮಾಡಿದರು. ನಾಲ್ಕು ಮಂದಿ ನಿಂತು ನೋಡಿದರು.

“ತಪ್ಪು ನಂದೋ ಹುಸೇನಾ. ಇಳೀ.”

“ಕಳ್ಳ ಅಂದದ್ದು ಸಿಂಧನೂರಾಗ. ತಪ್ಪಾತು ಅನ್ನೂದು ಲಿಂಗಸುಗೂರಾಗ ಏನು?”

ಆ ಮಾತು ಮಾಸ್ತರರಿಗೆ ಚುರುಕ್ ಎಂದು ತಾಗಿತು. “ನಡೀ, ಅಲ್ಲೇ ಅಂತೀನಿ” ಎಂದರು.

ಅದೇ ಸಂಜೆ ಅದೇ ಚಾದಂಗಡಿಯಲ್ಲಿ ಮಾಸ್ತರು ಎದ್ದು ನಿಂತು ಅಂಗಡಿಯವನ ಅಕ್ಕಿಯನ್ನೇ ಅವನ ಸೇರಿಗೆ ಎಂಟು ಸಲ ಅಳೆದು ಹಾಕಿ ತೋರಿಸಿದರು. “ನನ್ನ ಗೆಳೆಯಾ ಕಳ್ಳ ಅಲ್ಲ. ನಾನ ಲೆಕ್ಕ ಬರಲಾರದ ಮಾಸ್ತರ” ಎಂದರು.

ಮೂಲೆಯಲ್ಲಿದ್ದ ಪಕೀರಪ್ಪನೆಂಬ ಗುಮಾಸ್ತ ಬಿಡಬೇಕಲ್ಲ! “ಸರ್, ಮೂವತ್ತಮೂರಕ್ಕ ಎಂಟರಿಂದ ಭಾಗಿಸಿದ್ರ ನಾಲ್ಕರ ಮ್ಯಾಲ ಇನ್ನೊಂದು ಅರಪಾವು ಉಳೀತದ. ಅದೆಲ್ಲಿ ಹೋತ್ರೀ?” ಎಂದ.

ಮಾಸ್ತರು ಮತ್ತೆ ಅರಪಾವಿಗೆ ಕೈ ಹಾಕಿದರು. ಅಂಗಡಿಯವನು ತಂದ ಒಂದೇ ಚಾವನ್ನು ಹುಸೇನ್‌ಸಾಬ್ ಬಸಿಗೆ ಅರ್ಧ ಬಗ್ಗಿಸಿಕೊಂಡು, ಕಪ್ಪನ್ನು ಅವರ ಮುಂದಕ್ಕೆ ಸರಿಸಿದ.

“ನೀರು ಹರೀತಾ ಅಷ್ಟು ಕಾಲುವೀನ ಕುಡೀತದ ಬಿಡೋ ಪಕೀರಪ್ಪ” ಎಂದ. “ಪಂಪಣ್ಣಾ, ಕೂಡು. ಚಾ ಆರತೈತಿ.”