ಎಡಬಾಗಿಲ ಸಂದಿ

ಸಂದಿಯಲ್ಲಿ ಬೆಳಕು, ಮೇಲೆ ದಾರದಷ್ಟು, ಕೆಳಗೆ ಬೆರಳು ತೂರುವಷ್ಟು — ಅದು ಹೋದ ವಾರದ್ದು, ಕಾರಿನ ಎಡಬಾಗಿಲಿನ ಆ ಸೊಟ್ಟ ಸಂದಿ ಕಣ್ಣಿನಿಂದ ಹೋಗಲೊಲ್ಲದು, ಇವತ್ತಿನದನ್ನು ನೋಡುವ ಧೈರ್ಯವಿಲ್ಲದೆ ಕಾರಿಗೆ ಬೆನ್ನು ಹಾಕಿ ಜ್ಯಾಕ್ ಒರೆಸುತ್ತ ನಿಂತಿದ್ದೇನೆ, ಊರಿಗೆಲ್ಲ ಬಟ್ಟೆ ಹೊಲಿದುಕೊಟ್ಟ ಐವತ್ತೆರಡರ ಹೆಂಗಸು, ಒಂದು ಬಾಗಿಲಿಗೆ ಹೆದರುವುದೇ! ಅಣ್ಣ ಬರುವ ಹೊತ್ತಾಯಿತು, ಅವನದೇ ಕಾರು, ಎರಡೇ ಸೀಟು, ಛಾವಣಿ ಇಲ್ಲ, ಒಂದು ಕಾಲಕ್ಕೆ ಗಾಳಿ ಸೀಳಿಕೊಂಡು ಓಡಿದ್ದು, ಹದಿನೈದು ವರ್ಷದಿಂದ ಶೆಡ್ಡಿನಲ್ಲಿ ತುಕ್ಕಿನ ಬಾಯಿಗೆ ಬಿದ್ದಿದ್ದು, ಅದು ಕೊಳೆಯೋದನ್ನ ನೋಡೋಕಾಗಲ್ಲ ಕಣೇ, ಗುಜರಿಯವನಿಗೆ ಹೇಳಿದೀನಿ, ಅಂದಿದ್ದ ಹೋದ ತಿಂಗಳು, ನಾನು ಸರಿ ಮಾಡ್ತೀನಿ ಅಂದೆ, ನೀನಾ, ಕಬ್ಬಿಣಕ್ಕೂ ಗುಂಡಿ ಹೊಲೀತೀಯಾ, ನಕ್ಕು ನಕ್ಕು ಕೆಮ್ಮಿದ, ಆಮೇಲೆ ಮೆತ್ತಗೆ, ಒಂದು ತಿಂಗಳು ಕೊಡ್ತೀನಿ, ಕೊನೇ ಶನಿವಾರದೊಳಗೆ ಬಾಗಿಲು ನೆಟ್ಟಗೆ ಮುಚ್ಚಿದ್ರೆ ನೀನೇ ಇಟ್ಕೋ, ಇಲ್ಲಾಂದ್ರೆ ಗುಜರಿ. ಇವತ್ತು ಆ ಶನಿವಾರ.

ಗ್ಯಾರೇಜಿನ ಮುದುಕ, ಊರಿಗೆಲ್ಲ ಟಿಂಕರ್ ಮಾವ, ಎಂಜಿನ್ ತಾನೇ ಬಿಚ್ಚಿ ಓಡುವ ಹಾಗೆ ಮಾಡಿದ, ತಗಡಿನ ಕೆಲಸ ನನಗೆ ತಿಂಗಳಿಡೀ ಕಲಿಸಿದ, ಸುತ್ತಿಗೆಯಿಂದ ಮೆಲ್ಲಗೆ ಬಡೀರಿ, ಠಣ್ ಅಂದ್ರೆ ತಗಡು, ದಪ್ ಅಂದ್ರೆ ತುಕ್ಕಿನ ಮೇಲೆ ಮೆತ್ತಿದ ಬರೀ ಪುಟ್ಟಿ, ಬಾಗಿಲ ಕೆಳಗಿನ ಉದ್ದ ಪಟ್ಟಿ ಪೂರಾ ದಪ್ ದಪ್, ಕೆರೆದರೆ ಬಿಸ್ಕತ್ತಿನ ಪುಡಿ. ಮಾವ ಬಾರದ ಒಂದು ದಿನ ನನಗೆ ಹುಮ್ಮಸ್ಸು ಏರಿತು, ಗ್ರೈಂಡರ್ ಹಿಡಿದು ಪಟ್ಟಿಯನ್ನೇ ಕೊಯ್ದು ಎಸೆದೆ — ಛಾವಣಿ ಇಲ್ಲದ ಕಾರಿಗೆ ಅದೇ ಬೆನ್ನೆಲುಬಂತೆ, ನನಗೇನು ಗೊತ್ತು, ಕಾರಿನ ನಡು ಕುಸಿಯಿತು, ಬಾಗಿಲು ಸಿಕ್ಕಿಕೊಂಡಿತು, ಸಂದಿ ಸೊಟ್ಟ. ಮಾವ ತಲೆಯ ಮೇಲೆ ಕೈ ಹೊತ್ತು ಕೂತ, ಅಲ್ಲಮ್ಮಾ, ಆಸರೆ ಕೊಡದೆ ಕೊಯ್ತಾರೇನ್ರೀ, ಬಟ್ಟೆಗೂ ಹಿಂಗೇ ಮಾಡ್ತೀರಾ? ಕಚ್ಚಾ ಹೊಲಿಗೆ ಹಾಕದೆ ಹಳೇ ಹೊಲಿಗೆ ಬಿಚ್ಚಬೇಡ್ರೇ ಎಂದು ಮೂವತ್ತು ವರ್ಷ ಅಂಗಡಿಯ ಹುಡುಗಿಯರಿಗೆ ಬೈದವಳು ನಾನೇ, ನಗು ಉಕ್ಕಿತು, ಮಾವನಿಗೂ ಉಕ್ಕಿತು, ಇಬ್ಬರೂ ನೆಲದ ಮೇಲೆ ಕೂತು ಕಣ್ಣೀರು ಬರುವವರೆಗೆ ನಕ್ಕೆವು. ಮತ್ತೆ ಶುರು, ನಡುವಿಗೆ ಜ್ಯಾಕ್, ಬಾಗಿಲ ಜಾಗಕ್ಕೆ ಅಡ್ಡ ಸರಳು, ಹೊಸ ತಗಡು, ಇಲ್ಲೊಂದು ಚುಕ್ಕಿ ಅಲ್ಲೊಂದು ಚುಕ್ಕಿ ವೆಲ್ಡಿಂಗ್, ಒಂದೇ ಸಮ ಸುಟ್ರೆ ಸೊಟ್ಟಗಾಗತ್ತಮ್ಮಾ, ಕಿಡಿ ಹಾರಿ ತೋಳಿನ ಬಟ್ಟೆಯೆಲ್ಲ ತೂತು, ಎಂಥ ಸುಖ, ಇಷ್ಟು ಖುಷಿ ಹತ್ತೊಂಬತ್ತರಲ್ಲಿ ಇದೇ ಸ್ಟೀರಿಂಗ್ ಹಿಡಿದಾಗ ಆಗಿತ್ತು, ಪಕ್ಕದಲ್ಲಿ ಅಣ್ಣ ಕಣ್ಣು ಮುಚ್ಚಿಕೊಂಡು, ಬ್ರೇಕು, ಬ್ರೇಕು ಕಣೇ, ನನ್ನ ಬಾಯಿ ತುಂಬ ಧೂಳು, ನಗು.

ಜ್ಯಾಕ್ ಇಳಿಸಿದ್ದಾಯಿತು, ಸರಳು ಕೊಯ್ದದ್ದಾಯಿತು, ಬಾಗಿಲು ಮುಚ್ಚಿ ನೋಡಿಲ್ಲ, ನೋಡಲಾರೆ — ಕೋಲಿನ ಸದ್ದು, ಅಣ್ಣ ಬಂದ, ಎಲ್ಲೇ ನಿನ್ನ ಗುಂಡಿ, ನಾನು ತಿರುಗುವುದಿಲ್ಲ, ನೀನೇ ಮುಚ್ಚು ಅಂದೆ, ಕೋಲು ಗೋಡೆಗೆ ಒರಗಿಸಿದ ಸದ್ದು, ಟಕ್. ಅಷ್ಟೇ. ಮತ್ತೆ ತೆರೆದ, ಟಕ್, ಮತ್ತೆ, ಟಕ್, ಅಣ್ಣ ಆಟಕ್ಕೆ ಬಿದ್ದಿದ್ದಾನೆ, ಒಂದೇ ಬೆರಳು ಕಣೇ, ಒಂದೇ ಬೆರಳಲ್ಲಿ ತಳ್ಳಿದೆ, ಗುಜರಿಯವನಿಗೆ ಬರಬೇಡ ಅಂತ ಹೇಳ್ತೀನಿ, ಕೀ ಎಲ್ಲಿ, ನೀನೇ ಓಡಿಸು, ಈ ಸಲ ನಾನು ಕಣ್ಣು ಮುಚ್ಚಲ್ಲ ಅಂತಾನೆ, ಈಗ ನಾನು ತಿರುಗುತ್ತೇನೆ, ಸಂದಿ, ಸಂದಿಯಲ್ಲಿ ಬೆಳಕು, ಮೇಲೆ ದಾರದಷ್ಟು, ಕೆಳಗೂ ದಾರದಷ್ಟು, ನೇರ, ಕೆಳಗೂ ದಾರದಷ್ಟೇ —