ಯಾವ ಜಂಗ

ಗೋಗಿ, ಗೋಗಿ, ಗೋಗಿ ಎಂದು ಆಟೋದವನು ಮತ್ತೆ ಕೂಗುತ್ತಿದ್ದಾನೆ, ಈ ಹಾಶಿಮನ ಹೆಂಡತಿ ಅರ್ಜುಮಂದ ತವರೂರು ಗೋಗಿಗೆ ಹೋದದ್ದು ಇಡೀ ಶಹಾಪುರಕ್ಕೆ ಗೊತ್ತಾಗಲಿ ಎಂಬಂತೆ, ಕೂಗಪ್ಪ ಕೂಗು, ನಾನಿಲ್ಲಿ ಅಂಗೈಯಷ್ಟು ಆಟದ ಯುದ್ಧಟ್ಯಾಂಕಿಗೆ ತುಕ್ಕು ಹಿಡಿಸುತ್ತಿದ್ದೇನೆ, ಸ್ಪಂಜಿನ ಚೂರನ್ನು ಕಂದು ಬಣ್ಣದಲ್ಲಿ ಅದ್ದಿ, ಕಾಗದಕ್ಕೆ ಒತ್ತಿ, ಅಂಚಿಗೆ ಮುಟ್ಟಿಸಿಯೂ ಮುಟ್ಟಿಸದಂತೆ, ಹೊಸ ಪ್ಲಾಸ್ಟಿಕ್ಕು ಬಿಸಿಲಲ್ಲಿ ನಿಂತು ನಿಂತು ಸವೆದ ಕಬ್ಬಿಣವಾಗಬೇಕು, ಭಾನುವಾರ ಸುರಪುರದ ಸುನೀಲಕುಮಾರ ತನ್ನ ಪಡೆ ತರುತ್ತಾನೆ, ಊಟದ ಮೇಜಿನ ಮೇಲೆ ದಾಳ ಉರುಳಿಸಿ ನಮ್ಮ ಯುದ್ಧ, ಅರ್ಜುಮಂದ ಇದ್ದಿದ್ದರೆ ಚಹಾ ತಂದಿಟ್ಟು, ಇವತ್ತ ಯಾರ್ ಸತ್ರಿ ಎಂದು ಕೇಳುತ್ತಿದ್ದಳು, ಕೇಳುವಾಗ ಆ ಮುಂದಿನ ಹಲ್ಲು, ತುದಿ ಮುಕ್ಕಾದದ್ದು, ಕಾಣುತ್ತಿತ್ತು. ಕೆಸರು ಅವಳ ಪಾಲಿನ ಕೆಲಸ, ನನಗಿಂತ ಅವಳ ಕೈ ಚೆಂದ, ಗೋಗಿಯ ಎರೆಮಣ್ಣನ್ನು ಹಳೇ ದುಪಟ್ಟಾದಲ್ಲಿ ಸೋಸಿ, ಅಂಟು ಬೆರೆಸಿ, ಗಾಲಿಗಳಿಗೆ ಮೆತ್ತುತ್ತಾಳೆ — ಆದರೆ ಇದು ಮರಳುಗಾಡಿನ ಟ್ಯಾಂಕು, ಮರಳುಗಾಡಿಗೆ ಎರೆಮಣ್ಣು ಎಲ್ಲಿಂದ ಬರಬೇಕು ಎಂದು ಅವಳ ಕಣ್ಣೆದುರೇ ಥಿನ್ನರಿನಿಂದ ಒರೆಸಿಬಿಟ್ಟೆ, ನಮ್ಮೂರ ಮಣ್ಣು ನಿಮಗ ಹೊಲಸಾತೇನ್ರಿ, ಹೊಲಸು ಅಂದೆನೇ ನಾನು, ತಪ್ಪು ಅಂದೆ, ಅದನ್ನೂ ಅನ್ನಬಾರದಿತ್ತು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಅವಳು ಇದೇ ಆಟೋ ಹತ್ತಿದಳು.

ಈಗ ಮತ್ತೆ ಎರೆಮಣ್ಣೇ ಮೆತ್ತಿದ್ದೇನೆ, ಅವಳು ಬಿಟ್ಟುಹೋದ ಡಬ್ಬಿಯದು, ಸುನೀಲಕುಮಾರ ನಗುತ್ತಾನೆ, ನಗಲಿ, ನಮ್ಮ ಮರಳುಗಾಡಿನಲ್ಲಿ ಮಳೆಯಾಗಿದೆ ಎನ್ನುತ್ತೇನೆ — ಬೆಳಿಗ್ಗೆ ಅವಳಿಗೆ ಅದರ ಫೋಟೊ ಕಳಿಸಿದೆ, ಒಂದಕ್ಷರವೂ ಬರೆಯದೆ, ಈಗಷ್ಟೇ ಉತ್ತರ ಬಂತು, ಜಂಗ ಸಾಕ್ರಿ, ಅಷ್ಟೇ, ನಮ್ಮ ಮನೆಮಾತು ಉರ್ದುವಿನಲ್ಲಿ ತುಕ್ಕೂ ಜಂಗ, ಯುದ್ಧವೂ ಜಂಗ, ಬಾಯಲ್ಲಿ ಎರಡರ ಜ ಬೇರೆ ಬೇರೆ, ಕನ್ನಡದಲ್ಲಿ ಬರೆದರೆ ಎರಡಕ್ಕೂ ಅದೇ ಅಕ್ಷರ, ತುಕ್ಕು ಹೆಚ್ಚಾಯಿತು ಎಂದಳೋ, ಜಗಳ ಸಾಕು ಎಂದಳೋ, ತುಕ್ಕು ನಿಜಕ್ಕೂ ಹೆಚ್ಚಾಗಿದೆ, ಹಾಳಾದ್ದು, ಬಾಯಲ್ಲಿ ಹೇಳಿದ್ದರೆ ಆಗಲೇ ತಿಳಿಯುತ್ತಿತ್ತು, ತುಕ್ಕಿನ ಜಂಗಕ್ಕೆ ಅವಳ ಮೇಲಿನ ಹಲ್ಲು ಕೆಳಗಿನದಕ್ಕೆ ತಾಗಿ, ಮುಕ್ಕಾದ ತುದಿಯಿಂದ ಗಾಳಿ ಸುಯ್ಯೆನ್ನುತ್ತದೆ, ಯುದ್ಧದ ಜಂಗಕ್ಕೆ ಇಲ್ಲ, ಆ ಸುಯ್ ಬಾರದಿರಲಿ ದೇವರೇ, ಸುಯ್ ಎಂದರೆ ಅವಳು ಬರೀ ಟ್ಯಾಂಕಿನ ಮಾತಾಡಿದಳು, ಅವಳು ಬರುವುದಿಲ್ಲ, ಆದರೂ ಅದನ್ನೇ ಕೇಳಬೇಕೆಂದು ಜೀವ ಹಂಬಲಿಸುತ್ತದೆ, ಬೈಯುವುದಾದರೂ ಇಲ್ಲಿ ಕೂತು ಬೈಯಲಿ, ಅವಳಿಲ್ಲದ ಈ ಮನೆ ನನಗೆ ಬೇಡ, ಹೇಳಿಬಿಡಬೇಕು, ಫೋನು ಹಚ್ಚಿದೆ, ಎತ್ತಿದಳು, ಹಿಂದೆ ಅವಳ ಅಮ್ಮಿ ಯಾರದು ಎಂದು ಕೇಳುತ್ತಿದ್ದಾರೆ, ಅಷ್ಟೆಲ್ಲ ಹೇಳಬೇಕಿದ್ದ ಬಾಯಿಂದ ಬಂದದ್ದು ಇಷ್ಟೇ, ಯಾವ ಜಂಗ, ಅರ್ಜು — ಅವಳು ಉಸಿರೆಳೆದುಕೊಂಡಳು, ಹೊರಗೆ ಗೋಗಿ, ಗೋಗಿ, ಸ್ಪಂಜು ಬೆರಳಲ್ಲೇ ಒಣಗುತ್ತಿದೆ, ಆ ಹಲ್ಲು, ಆ ಮುಕ್ಕಾದ ತುದಿ, ಇನ್ನೂ ತಾಗಿಲ್ಲ, ಇನ್ನೂ